ಹುಂಚದ ಬಸ್ಸಿನವರು ಏಳಿ

ಸಿನಿಮಾ ಮುಗಿಯಲು ಇನ್ನು ಇಪ್ಪತ್ತು ನಿಮಿಷ ಇದೆ ಎನ್ನುವಾಗ ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕತೊಡಗುತ್ತವೆ. ಟಾಕೀಸಿನಲ್ಲಾದರೂ ಅಷ್ಟೆ, ಮನೆಯಲ್ಲಿ ಮಂಚದ ಮೇಲೆ ಒರಗಿ ಮೊಬೈಲಿನಲ್ಲಿ ನೋಡುತ್ತಿದ್ದರೂ ಅಷ್ಟೆ. ಕಳೆದ ವಾರ ಹೊಸದೊಂದು ಸಿನಿಮಾದಲ್ಲಿ ನಾಯಕ ಇನ್ನೂ ರೈಲಿನ ಹಿಂದೆ ಓಡುತ್ತಿದ್ದ, ನಾನು ಆಗಲೇ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. "ಎಲ್ಲಿಗೆ ಹೊರಟ್ರಿ?" ಎಂದಳು ಹೆಂಡತಿ ರತ್ನ, ನಿದ್ದೆಗಣ್ಣಿನಲ್ಲೇ. ಎಲ್ಲಿಗೂ ಇಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಅವಳು ಕೇಳುವುದನ್ನು ಬಿಟ್ಟಿಲ್ಲ, ನಾನು ಏಳುವುದನ್ನು ಬಿಟ್ಟಿಲ್ಲ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಹುಟ್ಟಿದ್ದು ಹುಂಚದಿಂದಲೂ ಐದಾರು ಮೈಲಿ ಒಳಗಿನ ಊರಿನಲ್ಲಿ. ನಮಗೆ ಸಿನಿಮಾ ಎಂದರೆ ತೀರ್ಥಹಳ್ಳಿ. ಅಲ್ಲಿ ಮ್ಯಾಟಿನಿ ಬಿಡುತ್ತಿದ್ದದ್ದು ಐದು ಗಂಟೆಗೆ. ನಮ್ಮ ಕಡೆಯ ಕೊನೆಯ ಬಸ್ಸು ಹೊರಡುತ್ತಿದ್ದದ್ದು ಐದಕ್ಕೆ ಐದು ನಿಮಿಷ ಇರುವಾಗ. ಟಾಕೀಸಿನಿಂದ ಸ್ಟ್ಯಾಂಡಿಗೆ ಹದಿನೈದು ನಿಮಿಷದ ದಾರಿ. ಬಸ್ಸಿನ ಮಾಲೀಕರು ಸಿನಿಮಾ ನೋಡುವವರಲ್ಲ, ಟಾಕೀಸಿನ ಮಾಲೀಕರು ಬಸ್ಸು ಹತ್ತುವವರಲ್ಲ. ಈ ಇಬ್ಬರು ದೊಡ್ಡ ಮನುಷ್ಯರ ನಡುವೆ ಸಿಕ್ಕಿಕೊಂಡು ನಮ್ಮ ಕಡೆಯ ಒಂದಿಡೀ ತಲೆಮಾರು ಸಿನಿಮಾದ ಕೊನೆಯನ್ನೇ ಕಾಣದೆ ದೊಡ್ಡದಾಯಿತು.

ಪರದೆಯ ಮೇಲೆ ತಾಯಿ ಕಳೆದುಹೋದ ಮಗನ ಗುರುತು ಹಿಡಿಯಬೇಕು, ಸರಿಯಾಗಿ ಆಗಲೇ ಗೇಟಿನವನು ಪಕ್ಕದ ಬಾಗಿಲು ತೆರೆದು ಕತ್ತಲೆಗೆ ಕೂಗುತ್ತಿದ್ದ: "ಹುಂಚದ ಬಸ್ಸಿನವ್ರು ಏಳಿ!" ಒಂದೂವರೆ ಸಾಲು ಜನ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಹಿಂದಿನವರು ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು. ಅವ್ವ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಕತ್ತನ್ನು ಪರದೆಯ ಕಡೆಗೇ ತಿರುಗಿಸಿಕೊಂಡು ನಡೆದು ನಾನು ಒಮ್ಮೆ ಕಡಲೆಕಾಯಿ ಮಾರುವವನ ಬುಟ್ಟಿಯೊಳಗೆ ಕೂತಿದ್ದೂ ಉಂಟು.

ಅಸಲು ಸಿನಿಮಾ ಶುರುವಾಗುತ್ತಿದ್ದದ್ದು ಬಸ್ಸು ಹತ್ತಿದ ಮೇಲೆ. ಕಂಡಕ್ಟರ್ ಸುಬ್ಬಣ್ಣ ಟಿಕೆಟ್ ಹರಿಯುತ್ತಾ ಅವ್ವನ ಹತ್ತಿರ ಬಂದು ನಿಲ್ಲುತ್ತಿದ್ದ.

"ಎಲ್ಲಿಗೆ ಬಂದಿತ್ತು?"

"ಅವಳಿಗೆ ಗುಂಡು ತಾಗಿತ್ತು ಮಾರಾಯ."

"ಎಲ್ಲಿಗೆ ತಾಗಿತ್ತು? ಎದೆಗಾ, ಹೆಗಲಿಗಾ?"

"ಸರಿಯಾಗಿ ಕಾಣ್ಲಿಲ್ಲ. ಹೆಗಲಿಗೇ ಇರ್ಬೇಕು."

"ಹೆಗಲಿಗಾದ್ರೆ ಉಳೀತಾಳೆ ಬಿಡಿ," ಎಂದು ಅವನು ವಿಷಲ್ ಊದುತ್ತಿದ್ದ.

ಅಲ್ಲಿಂದ ಮುಂದೆ ಇಡೀ ಬಸ್ಸು ಸೇರಿ ಕೊನೆಯನ್ನು ಕಟ್ಟುತ್ತಿತ್ತು. ಸಿನಿಮಾ ನೋಡದೆ ಬರೀ ಗೊಬ್ಬರ ತರಲು ಪೇಟೆಗೆ ಬಂದವರಿಗೂ ಅದರಲ್ಲಿ ಪಾಲಿತ್ತು. ಒಬ್ಬರು ಖಳನಾಯಕನಿಗೆ ಲಕ್ವ ಹೊಡೆಸಿದರೆ ಇನ್ನೊಬ್ಬರು, ಪಾಪ, ಅವನಿಗೂ ಮಕ್ಕಳಿದ್ದಾರೆ ಎಂದು ಒಂದು ಕೈ ಮಾತ್ರ ಬೀಳಿಸಿ ಬಿಡುತ್ತಿದ್ದರು. ಹುಂಚದಲ್ಲಿ ಇಳಿಯುವವರದ್ದು ಒಂದೇ ಗೋಳು. ಅವರು ಇಳಿಯುವ ಹೊತ್ತಿಗೆ ನಾಯಕ ಇನ್ನೂ ಜೈಲಿನಲ್ಲೇ ಇರುತ್ತಿದ್ದ. ಕೆಲವರು ಅವನನ್ನು ಬಿಡಿಸಿಕೊಂಡೇ ಹೋಗುತ್ತೇವೆಂದು ಮುಂದಿನ ಸ್ಟಾಪಿನವರೆಗೆ ಬಂದು ನಡೆದು ವಾಪಸು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಬಸ್ಸಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ಅದಕ್ಕೆ ಅವ್ವನೇ ಕಾರಣ. ಯಾರಾದರೂ ಬಾಯ್ತಪ್ಪಿ "ಸತ್ತಿರ್ಬೌದು" ಅಂದರೆ ಅವಳು ಸೀಟಿನಿಂದ ಅರ್ಧ ಎದ್ದು ಜಗಳಕ್ಕೆ ಹೋಗುತ್ತಿದ್ದಳು. ನನಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಅವಳ ಕೈಯಲ್ಲಿ ಉಳಿದಿರಲಿಲ್ಲ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾದ ದಿನ ನಾನು ಮೊದಲು ನೆನೆದದ್ದು ಆ ಬಸ್ಸನ್ನು. ಈಗಲೂ ನೆನೆದರೆ ಅವಳ ಮೇಲೆ ಪ್ರೀತಿ ಉಕ್ಕಿ ಬರುತ್ತದೆ.

ಪಿಯುಸಿಗೆ ಸಾಗರದ ಹಾಸ್ಟೆಲ್ ಸೇರಿದಾಗ ನನಗೆ ಹಿಡಿಯಲು ಬಸ್ಸಿರಲಿಲ್ಲ. ಜೀವನದಲ್ಲಿ ಮೊದಲ ಸಲ ಕೊನೆಯವರೆಗೆ ಕೂತೆ. ನಾಯಕ ಸತ್ತ. ನಾನು ಗಾಬರಿಯಾಗದೆ ಕಾದೆ. ಪಕ್ಕದಲ್ಲಿದ್ದವನು ಎದ್ದಾಗ "ಕೂರೋ, ಇನ್ನೂ ಇದೆ" ಎಂದು ಅಂಗಿ ಜಗ್ಗಿದೆ. ದೀಪ ಹತ್ತಿತು. ಕಸ ಗುಡಿಸುವವಳು ನನ್ನ ಕಾಲ ಬುಡದವರೆಗೆ ಗುಡಿಸಿಕೊಂಡು ಬಂದು, ಕಾಲೆತ್ತು ಎಂದಳು. ಆಗಲೇ ನನಗೆ ನಂಬಿಕೆ ಬಂದದ್ದು. ದುಡ್ಡು ಕೊಟ್ಟು ಸಾವು ನೋಡಲು ಜನ ಹೋಗುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಬಸ್ಸು ಇರಲಿ ಬಿಡಲಿ, ಇಪ್ಪತ್ತು ನಿಮಿಷ ಮೊದಲೇ ಏಳುವುದೆಂದು ತೀರ್ಮಾನಿಸಿದೆ. ಮೊದಲು ಬಸ್ಸಿನಿಂದ ಬಂದ ಅಭ್ಯಾಸ, ಆಮೇಲೆ ಹೇಡಿತನದಿಂದ ಮುಂದುವರಿಯಿತು.

ಈಗ ಹೊಸನಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮೆಡಿಕಲ್ ಶಾಪಿಗೂ ಸಿನಿಮಾಕ್ಕೂ ಎಂಥ ಸಂಬಂಧ ಎನ್ನಬೇಡಿ. ಲಾಕ್‌ಡೌನಿನ ಕಾಲದಲ್ಲಿ ಊರಿನಲ್ಲಿ ತೆರೆದಿದ್ದ ನಾಲ್ಕು ಬಾಗಿಲುಗಳಲ್ಲಿ ನನ್ನದೂ ಒಂದು. ಜನ ಪ್ಯಾರಾಸಿಟಮಾಲ್ ತೆಗೆದುಕೊಂಡ ಮೇಲೂ ಹೋಗಲು ಮನಸ್ಸಿಲ್ಲದೆ ಒಂದು ಮಾರು ದೂರದಲ್ಲಿ ನಿಂತು ಕೇಳುತ್ತಿದ್ದರು: "ಮೊಬೈಲಲ್ಲಿ ಎಂಥ ನೋಡಾದು ಮಾರಾಯ್ರೆ?" ನಾನು ಮಾತ್ರೆಯ ಕವರಿನ ಮುಂದೆ 1-0-1 ಎಂದು ಬರೆದು, ಹಿಂದೆ ಒಂದು ಸಿನಿಮಾದ ಹೆಸರು ಬರೆದು ಕೊಡತೊಡಗಿದೆ. ಅದೇ ಬೆಳೆದು ಪ್ರತಿ ಶುಕ್ರವಾರದ ವಾಟ್ಸಾಪ್ ಪಟ್ಟಿಯಾಯಿತು. ಹೊಸದಾಗಿ ಬಂದದ್ದರಲ್ಲಿ ಅಳುವುದಕ್ಕೆ ಎರಡು, ಹಗುರಕ್ಕೆ ಎರಡು. ಅಪ್ಪ ಮಗಳು ಮಾತು ಬಿಟ್ಟು ಒಂದೇ ಅಡುಗೆಮನೆಯಲ್ಲಿ ಎಂಟು ವರ್ಷ ಕಳೆಯುವ ಸಿನಿಮಾ: ಅಳು, ಊಟದ ನಂತರ, ಒಂದೇ ಸಲ. ಅಣ್ಣತಮ್ಮಂದಿರು ಒಂದು ಹಳೇ ಸ್ಕೂಟರಿಗಾಗಿ ಕಿತ್ತಾಡುವ ಸಿನಿಮಾ: ಹಗುರ, ಬೇಕಾದಾಗ, ಮಕ್ಕಳಿಗೂ ಕೊಡಬಹುದು.

ಪಟ್ಟಿ ಮೂರು ಊರಿಗೆ ಹೋಗುತ್ತದೆ. ಸಾಗರದಲ್ಲಿ ರತ್ನನ ತವರಿನವರು. ಅವರಿಗೆ ಸಿನಿಮಾ ನೋಡುವುದಕ್ಕಿಂತ ನೋಡಿದ ಮೇಲೆ ಚರ್ಚೆ ಮಾಡುವುದು ಮುಖ್ಯ. ಸ್ಕೂಟರ್ ಯಾವುದರ ಸಂಕೇತ ಎಂದು ನನ್ನ ಭಾವಮೈದುನ ಒಮ್ಮೆ ಮುಕ್ಕಾಲು ಗಂಟೆ ಫೋನಿನಲ್ಲಿ ಕೇಳಿದ. ಸ್ಕೂಟರಿನದ್ದೇ ಎಂದು ಹೇಳಿ ಇಟ್ಟೆ. ತೀರ್ಥಹಳ್ಳಿಯಲ್ಲಿ ನನ್ನ ಡಿ.ಫಾರ್ಮಾ ಸಹಪಾಠಿಗಳು. ಅವರು ಎಲ್ಲವನ್ನೂ ಓದಿಕೊಂಡವರು, ಹಾಗಾಗಿ ಸಿನಿಮಾ ನೋಡುವ ಮೊದಲೇ ಅದು ಚೆನ್ನಾಗಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ನಮ್ಮ ಹೊಸನಗರದವರು ಮಾತ್ರ ಕರೆಂಟ್ ಇದ್ದರೆ ನೋಡುತ್ತಾರೆ, ಹೋದರೆ ಮಲಗುತ್ತಾರೆ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಾ ವಾರಕ್ಕೆರಡು ಸಿನಿಮಾ ಮುಗಿಸುತ್ತಿದ್ದ ನನ್ನ ಷಡ್ಡಕ, ಸೇತುವೆಯಾದ ಮೇಲೆ ಒಂದನ್ನೂ ನೋಡಿಲ್ಲ. ಅಭಿವೃದ್ಧಿಯಿಂದ ಕಲೆಗೆ ಆಗುವ ನಷ್ಟದ ಬಗ್ಗೆ ಯಾರೂ ಬರೆಯುವುದಿಲ್ಲ.

ಗುಟ್ಟೊಂದನ್ನು ನಿಮಗೆ ಹೇಳಿಬಿಡುತ್ತೇನೆ. ಈ ಪಟ್ಟಿಯಲ್ಲಿದ್ದ ಒಂದೇ ಒಂದು ಸಿನಿಮಾದ ಕೊನೆಯನ್ನೂ ನಾನು ನೋಡಿರಲಿಲ್ಲ. ರತ್ನ ಹತ್ತನೇ ನಿಮಿಷಕ್ಕೆ ನಿದ್ದೆ ಹೋಗುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ಶುರು ಅವಳದ್ದು, ನಡು ನನ್ನದು, ಕೊನೆಗೆ ವಾರಸುದಾರರೇ ಇಲ್ಲ. ಯಾರಾದರೂ "ಕೊನೇಲಿ ಎಂಥ ಆಗ್ತದೆ?" ಎಂದು ಕೇಳಿದರೆ ಬಸ್ಸಿನ ಅಭ್ಯಾಸಬಲದಿಂದ ಒಂದು ಒಳ್ಳೇ ಕೊನೆ ಕಟ್ಟಿ ಹೇಳಿಬಿಡುತ್ತಿದ್ದೆ. ಅವರು ನೋಡಿ ಬಂದು ಹಾಗೇನೂ ಇಲ್ಲವಲ್ಲ ಎಂದರೆ, "ನೀವು ನೋಡಿದ್ದು ಬೇರೆ ವರ್ಷನ್ ಇರ್ಬೇಕು" ಎನ್ನುತ್ತಿದ್ದೆ. ಔಷಧಿ ಅಂಗಡಿಯವನು ಹೇಳಿದರೆ ಜನ ನಂಬುತ್ತಾರೆ.

ನಂಬಿದವರಲ್ಲಿ ಸುಮಿತ್ರಕ್ಕನೂ ಒಬ್ಬಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ನನಗಿಂತ ಚಿಕ್ಕವಳಾದರೂ ಶಾಲೆಯ ಮಕ್ಕಳು ಕರೆದು ಕರೆದು ಇಡೀ ಊರಿಗೇ ಅಕ್ಕ ಆಗಿದ್ದಾಳೆ. ನೂರು ಮಕ್ಕಳ ಸಾಂಬಾರಿನ ಪಾತ್ರೆಯನ್ನು ಒಬ್ಬಳೇ ಇಳಿಸುವ ಹೆಂಗಸು. ಅವಳಿಗೆ ಊಟವಾದ ಮೇಲೆ ಹೊಟ್ಟೆಯ ಬಲಗಡೆ ನೋವು, ವಾಂತಿ. ಆರು ತಿಂಗಳು ನಾನು ಗ್ಯಾಸ್ ಎಂದು ಮಾತ್ರೆ ಕೊಟ್ಟೆ. ಏಳನೇ ತಿಂಗಳು ಅವಳ ಕಣ್ಣು ಹಳದಿಯಾಗಿ ಕಂಡಾಗ ನನಗೆ ಜೀವ ಹೋದಂತಾಯಿತು, ಆವತ್ತೇ ಸ್ಕ್ಯಾನಿಂಗಿಗೆ ಕಳಿಸಿದೆ. ಪಿತ್ತಕೋಶದ ತುಂಬ ಕಲ್ಲು. ತಡ ಮಾಡಿದರೆ ಕೀವಾಗಿ ಪ್ರಾಣಕ್ಕೇ ಬರಬಹುದು ಎಂದರು ಶಿವಮೊಗ್ಗದ ಡಾಕ್ಟರು. ಗುರುವಾರ ಆಪರೇಷನ್ ಎಂದು ನಿಗದಿಯಾಯಿತು.

ಹಿಂದಿನ ಶನಿವಾರ ಅವಳು ಅಂಗಡಿಗೆ ಬಂದು, "ಅಣ್ಣ, ತಲೆ ಕೆಟ್ಟು ಹೋಗಿದೆ. ನಗೋ ಅಂಥದ್ದು ಯಾವ್ದಾದ್ರೂ ಹೇಳಿ. ಸಾಯಾದು ಗೀಯಾದು ಬ್ಯಾಡ," ಎಂದಳು. ನಾನು ಧಾರಾಳವಾಗಿ ಆ ವಾರದ ಹಗುರದ್ದನ್ನು ಬರೆದುಕೊಟ್ಟೆ. ಬಸ್‌ಸ್ಟ್ಯಾಂಡಿನ ಮುಂದೆ ತಿಂಡಿಗಾಡಿ ಇಟ್ಟುಕೊಂಡ ಹೆಂಗಸಿಗೂ ಎದುರು ಗಾಡಿಯ ದೋಸೆಯವನಿಗೂ ನಡೆಯುವ ಜಗಳ. ನಾನು ಎದ್ದು ಬರುವ ಹೊತ್ತಿಗೆ ಗಾಡಿಯವಳು ಬಾಯಿಗೆ ಸೆರಗು ಒತ್ತಿಕೊಂಡು ಗಾಡಿಯ ಹಿಂದಕ್ಕೆ ಓಡಿದ್ದಳು. ನಮ್ಮ ಸಿನಿಮಾಗಳಲ್ಲಿ ಹೆಂಗಸರಿಗೆ ವಾಂತಿ ಬಂದರೆ ಬಸುರಿಯೇ ಸೈ. ಮುಂದೆ ಸೀಮಂತ, ಶುಭಂ. ಕವರಿನ ಮೇಲೆ ನಾನು ಬರೆದದ್ದು ಇನ್ನೂ ನೆನಪಿದೆ: "ಮನೆಮಂದಿಯೆಲ್ಲ ನೋಡಬಹುದು. ಕೊನೆಗೆ ಖುಷಿ."

ಸೋಮವಾರ ಬೆಳಿಗ್ಗೆ ಶಟರ್ ಎತ್ತುವಾಗಲೇ ಅವಳ ಗಂಡ ಮಂಜಪ್ಪ ಆಟೋ ತಂದು ನಿಲ್ಲಿಸಿದ.

"ಎಂಥ ಸಿನಿಮಾ ಹೇಳಿದ್ರಿ ಮಾರಾಯ್ರೆ ನೀವು?"

"ಯಾಕೆ? ಚೆನ್ನಾಗಿತ್ತಲ್ದಾ?"

"ಚೆನ್ನಾಗಿತ್ತಾ! ಆ ಹೆಂಗಸಿಗೆ ಹೊಟ್ಟೇಲಿ ಎಂಥದೋ ಆಗಿ, ಆಪರೇಷನ್ ಮಾಡಕ್ಕೆ ಹೋಗಿ, ಟೇಬಲ್ ಮೇಲೇ ಸತ್ತು ಹೋಗ್ತದೆ. ಸತ್ತ ಮೇಲೆ ಒಂದು ಹಾಡು ಬೇರೆ. ಇವಳು ಕಟ್ಟಿಟ್ಟ ಬ್ಯಾಗು ಬಿಚ್ಚಿ ಸೀರೆನೆಲ್ಲ ವಾಪಸ್ ಬೀರುವಿಗೆ ಇಟ್ಟಿದಾಳೆ. ಆಪರೇಷನ್‌ಗೆ ಬರಲ್ಲ ಅಂತ ಕೂತಿದಾಳೆ."

ಒಂದೇ ಹೆಂಗಸಿಗೆ ಎರಡು ಸಲ ತಪ್ಪು ಔಷಧಿ ಕೊಟ್ಟಿದ್ದೆ. ಅಂಗಡಿಯಲ್ಲಿ ರತ್ನನನ್ನು ಕೂರಿಸಿ ಅದೇ ಆಟೋ ಹತ್ತಿದೆ.

ಸುಮಿತ್ರಕ್ಕ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಮಾತನ್ನು ಶುರು ಮಾಡಿದೆ. "ಸುಮಿತ್ರಕ್ಕ, ನೀನು ನೋಡಿದ್ದು ಬೇರೆ ವರ್ಷನ್ ಇರ್ಬೇಕು..."

"ಸುಳ್ಳು ಹೇಳ್ಬ್ಯಾಡಿ ಅಣ್ಣ. ನೀವು ಕೊನೆ ನೋಡಿದ್ರಾ, ಇಲ್ವಾ?"

ಮೂವತ್ತು ಚಿಲ್ಲರೆ ವರ್ಷದಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. "ಇಲ್ಲ," ಎಂದೆ.

"ಹಂಗಾದ್ರೆ ಕೂತ್ಕಳಿ. ಈಗ ನೋಡಿ. ಆಮೇಲೆ ನನಗೆ ಬುದ್ಧಿ ಹೇಳಿ."

ಮೊಬೈಲನ್ನು ಬೆಲ್ಲದ ಡಬ್ಬಿಗೆ ಒರಗಿಸಿ ನನ್ನ ಮುಂದಿಟ್ಟಳು. ಒಂದು ಪಕ್ಕದಲ್ಲಿ ಅವಳು, ಇನ್ನೊಂದು ಪಕ್ಕದಲ್ಲಿ ಮಂಜಪ್ಪ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನನ್ನ ಕಾಲು ಎರಡು ಸಲ ಮೆಟ್ಟಿಲಿನ ಕಡೆ ಹೋಗಿ ಬಂತು. ತಿಂಡಿಗಾಡಿಯವಳನ್ನು ಆಸ್ಪತ್ರೆಗೆ ಸೇರಿಸಿದರು. ದೋಸೆಯವನು ಓಡಿ ಬಂದು ಜಗಳವನ್ನೆಲ್ಲ ಮರೆತು ತನ್ನ ಕೈಯಾರೆ ಅವಳಿಗೆ ದೋಸೆ ತಿನ್ನಿಸಿದ. ನಾನು ಅಷ್ಟಕ್ಕೇ ಮೂಗು ಒರೆಸಿಕೊಂಡೆ. ಅವಳನ್ನು ಒಳಗೆ ಕರೆದೊಯ್ದಾಗ ಕಣ್ಣಲ್ಲಿ ನೀರು ಇಳಿಯಿತು. ಅವಳು ಕಣ್ಣು ಮುಚ್ಚಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಗೊಳೋ ಎಂದು ಅತ್ತೆ. ಅಷ್ಟು ವರ್ಷ ನೋಡದೆ ಬಿಟ್ಟ ಸಾವುಗಳೆಲ್ಲ ಒಟ್ಟಿಗೆ ಬಂದವೋ ಏನೋ. ಮಂಜಪ್ಪ ನೀರು ತಂದುಕೊಟ್ಟ.

ನೀರು ಕುಡಿಯುತ್ತಿದ್ದ ಹಾಗೇ ನನಗೆ ಸಿಟ್ಟು ಬರತೊಡಗಿತು. ಎಷ್ಟೆಂದರೂ ನಾನು ಇಪ್ಪತ್ತೆಂಟು ವರ್ಷ ಔಷಧಿ ಮಾರಿದವನು. "ಒಂದ್ನಿಮಿಷ," ಎಂದು ಹಿಂದಕ್ಕೆ ಓಡಿಸಿದೆ. "ಇಲ್ಲಿ ನೋಡು. ಆಪರೇಷನ್‌ಗೆ ಹೋಗೋಳಿಗೆ ಯಾರಾದ್ರೂ ದೋಸೆ ತಿನ್ನಿಸ್ತಾರಾ? ಹೊಟ್ಟೆ ಖಾಲಿ ಇರ್ಬೇಕು ಅಂತ ಡಾಕ್ಟ್ರು ನಿಂಗೆ ಹೇಳಿಲ್ವಾ?"

"ಹೇಳಿದಾರೆ. ನೀರೂ ಕುಡಿಬ್ಯಾಡ ಅಂದಿದಾರೆ."

"ಇವನು ಎರಡು ದೋಸೆ ಇಳಿಸಿದಾನೆ. ಚಟ್ನಿ ಬೇರೆ! ಇನ್ನು ಈ ಡಾಕ್ಟ್ರನ್ನ ನೋಡು. ಮಾಸ್ಕು ಮೂಗಿನ ಕೆಳಗೆ. ಕೈಗೆ ವಾಚು ಕಟ್ಕಂಡೇ ಹೊಟ್ಟೆ ಕೊಯ್ತಿದಾನೆ. ಬೆರಳಿಗೆ ಹಾಕೋ ಕ್ಲಿಪ್ಪನ್ನ ಆ ನರ್ಸು ಸೆರಗಿಗೆ ಸಿಕ್ಸಿದಾಳೆ. ಸೀರೆಗೆ ಎಂಥ ನಾಡಿ ಬಡಿತ? ಈ ಡ್ರಿಪ್ಪು ನೋಡು, ಪೈಪಿನ ಗಾಲಿ ಪೂರ್ತಿ ಮುಚ್ಚಿದೆ, ಒಂದು ಹನಿ ಇಳೀತಿಲ್ಲ. ಇವಳು ಸತ್ತಿದ್ದು ಕಾಯಿಲೆಯಿಂದ ಅಲ್ಲ ಸುಮಿತ್ರಕ್ಕ, ಇವರೆಲ್ಲ ಸೇರಿ ಕೊಂದಿದಾರೆ. ಕೇಸ್ ಹಾಕ್ಬೇಕು!"

ನಾನು ಕಣ್ಣು ಮೂಗು ಕೆಂಪು ಮಾಡಿಕೊಂಡು, ಬೆರಳು ತೋರಿಸುತ್ತಾ ಆ ಚಿಕ್ಕ ಪರದೆಗೆ ಬೈಯುತ್ತಿದ್ದದ್ದನ್ನು ನೋಡಿ ಸುಮಿತ್ರಕ್ಕನಿಗೆ ನಗು ತಡೆಯಲಿಲ್ಲ. ನಕ್ಕಳು. ಬಲಗಡೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಮೊರದ ಅಂಚನ್ನು ನೋಡುತ್ತಾ ಕೇಳಿದಳು:

"ನಿಜ ಹೇಳಿ ಅಣ್ಣ. ಒಳ್ಳೇ ಆಸ್ಪತ್ರೆಲಿ ಆಪರೇಷನ್ ಆದ್ರೆ ಯಾರೂ ಸಾಯಾದೇ ಇಲ್ವಾ?"

ಇಲ್ಲ, ಯಾರೂ ಸಾಯುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ಅದರಲ್ಲೇ ಬೆಳೆದವನು. ಮಂಜಪ್ಪನೂ ಹಾಗೇ ಹೇಳಿ ಎಂದು ಅವಳ ಬೆನ್ನ ಹಿಂದಿನಿಂದ ಕಣ್ಣು ಹೊಡೆಯುತ್ತಿದ್ದ. ಆದರೆ ಆ ಮುಖ ನೋಡಿದಾಗ ನನ್ನಿಂದ ಆಗಲಿಲ್ಲ.

"ಸಾಯ್ತಾರೆ," ಎಂದೆ. "ಬಾಳ ಕಮ್ಮಿ. ಆದ್ರೆ ಯಾರೋ ಒಬ್ರು ಸಾಯ್ತಾರೆ. ಕಲ್ಲು ಹಂಗೇ ಬಿಟ್ಟು ಸತ್ತವ್ರು ಅದಕ್ಕಿಂತ ಜಾಸ್ತಿ."

ಮಂಜಪ್ಪ ತಲೆ ಮೇಲೆ ಕೈ ಇಟ್ಟುಕೊಂಡ. ಸುಮಿತ್ರಕ್ಕ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ಅಷ್ಟು ಹೇಳಿದ್ರಲ್ಲ, ಸಾಕು. ಹದಿನೈದು ದಿನದಿಂದ ಎಲ್ರೂ ಬಂದು ಎಂಥದೂ ಆಗಲ್ಲ, ಎಂಥದೂ ಆಗಲ್ಲ ಅಂತಿದ್ರು. ಎಂಥದೂ ಆಗಲ್ಲ ಅಂದ್ರೆ ಇವರೆಲ್ಲ ಯಾಕೆ ಇಷ್ಟು ಹೇಳ್ತಾರೆ ಅಂತನೇ ನಂಗೆ ಹೆದ್ರಿಕೆ ಆಗಿದ್ದು." ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ಕಿರ್ ಎಂದಿತು. ಸೀರೆ ಮತ್ತೆ ಬ್ಯಾಗಿಗೆ ಹೋಗುತ್ತಿತ್ತು.

ಆ ಗುರುವಾರ ನಾನು ಕೆಮ್ಮಿಗೆ ಬಂದವರಿಗೆ ಬೆನ್ನುನೋವಿನ ಮುಲಾಮು ಕೊಡಹೋದೆ, ರತ್ನ ಕೈ ಹಿಡಿದು ತಡೆದು ನನ್ನನ್ನು ಒಳಗೆ ಕೂರಿಸಿದಳು. ಊಟ ಸೇರಲಿಲ್ಲ. ಸತ್ಯ ಹೇಳಿ ಕಳಿಸಿದ್ದೆ, ಏನಾದರೂ ಆಗಿದ್ದರೆ ಆ ಸತ್ಯವನ್ನು ಇಟ್ಟುಕೊಂಡು ನಾನು ಏನು ಮಾಡಬೇಕಿತ್ತು? ಮಧ್ಯಾಹ್ನ ಮೂರಕ್ಕೆ ಮಂಜಪ್ಪನ ಫೋನ್ ಬಂತು. "ಎಚ್ಚರ ಆಗಿದೆ. ಎದ್ದ ಕೂಡ್ಲೇ ಶಾಲೇಲಿ ಸಾಂಬಾರಿಗೆ ಯಾರು ಉಪ್ಪು ಹಾಕಿದ್ದು ಅಂತ ಕೇಳ್ತಿದಾಳೆ." ನಾನು ಒಳಗೆ ಹೋಗಿ ಎರಡು ಹೊತ್ತಿನ ಅನ್ನ ಒಟ್ಟಿಗೆ ಉಂಡೆ.

ಮೂರು ವಾರ ಬಿಟ್ಟು ಸುಮಿತ್ರಕ್ಕ ಅಂಗಡಿಗೆ ಬಂದಳು. ತೆಳ್ಳಗಾಗಿದ್ದಳು, ಕಣ್ಣು ಬೆಳ್ಳಗಾಗಿತ್ತು. ಆಸ್ಪತ್ರೆಯವರು ತೆಗೆದ ಕಲ್ಲುಗಳನ್ನು ಚಿಕ್ಕ ಬಾಟಲಿಗೆ ಹಾಕಿ ಕೊಟ್ಟಿದ್ದರು, ಅದನ್ನು ಕೌಂಟರಿನ ಮೇಲೆ ಇಟ್ಟಳು. "ಹನ್ನೊಂದು. ನೀವು ಗ್ಯಾಸ್ ಅಂದಿದ್ದು ಇವನ್ನೇ," ಎಂದಳು. ಅಂಗಡಿಯಲ್ಲಿದ್ದ ನಾಲ್ಕು ಜನ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಸರಿ, ಈ ವಾರ ಎಂಥ ನೋಡಾದು?"

"ಪಟ್ಟಿ ನಿಲ್ಸಿದೀನಿ ಮಾರಾಯ್ತಿ," ಎಂದೆ. "ನನಗೆ ಕೊನೆವರೆಗೆ ಕೂರಕ್ಕೆ ಆಗಲ್ಲ. ಹಾಸ್ಟೆಲ್ಲಲ್ಲಿದ್ದಾಗ ಒಂದ್ಸಲ ಕೂತಿದ್ದೆ, ನಿನ್ನ ಮನೇಲಿ ಒಂದ್ಸಲ, ಅಲ್ಲಿಗೆ ಸಾಕು. ಗೊತ್ತಿಲ್ದೆ ಇನ್ನೊಬ್ರಿಗೆ ಹೇಳಿ ಇನ್ನೊಂದು ಅನಾಹುತ ಬ್ಯಾಡ."

ಅವಳು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮಾತ್ರೆಯ ಕವರನ್ನು ತಿರುಗಿಸಿ ನನ್ನ ಮುಂದಿಟ್ಟಳು. "ಹೆಸ್ರು ಬರೀರಿ. ಕೊನೆ ನಾನು ನೋಡಿ ಹೇಳ್ತೀನಿ."

ಹಾಗಾಗಿ ಪಟ್ಟಿ ಮತ್ತೆ ಶುರುವಾಗಿದೆ. ಗುರುವಾರದವರೆಗೆ ನಾನು ನೋಡುತ್ತೇನೆ, ನನ್ನ ಹೊತ್ತಿಗೆ ನಾನು ಏಳುತ್ತೇನೆ. ಉಳಿದ ಇಪ್ಪತ್ತು ನಿಮಿಷ ಬಿಸಿಯೂಟದ ಪಾತ್ರೆ ತೊಳೆದಾದ ಮೇಲೆ ಸುಮಿತ್ರಕ್ಕನದ್ದು. ಅವಳು ಒಪ್ಪಿದ್ದು ಮಾತ್ರ ಮೂರು ಊರಿಗೆ ಹೋಗುತ್ತದೆ. ಈ ವಾರ ಒಂದು ಸಿನಿಮಾದ ಬಗ್ಗೆ ನನಗೆ ತುಂಬ ಆಸೆಯಿತ್ತು. ಎಪ್ಪತ್ತು ದಾಟಿದ ಮುದುಕನೊಬ್ಬ ಮೊಮ್ಮಗಳ ಜೊತೆ ಈಜು ಕಲಿಯಲು ಹೋಗುವ ಕಥೆ. ನಾನು ಎದ್ದಾಗ ಅವನು ಹೊಳೆಯ ನಡುವಿನಲ್ಲಿದ್ದ. ನಿನ್ನೆ ಸಂಜೆ ಅವಳ ಮೆಸೇಜ್ ಬಂತು:

"ಅಜ್ಜ ಸಾಯ್ತಾನೆ. ಆದ್ರೂ ನೋಡ್ಬಹುದು."